ಬೇಡ ಎನ್ನಬಹುದಿತ್ತೇ?

ಫ್ರಾನ್ಸಿಗೆ ಹೋಗಿ ಬಂದ ಚಿಕ್ಕಪ್ಪನ ಮಗಳು ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲಿನಲ್ಲಿ ದೋಸೆ ಬರುವ ಮೊದಲೇ ಫೋನು ತೆಗೆದು, ಲ್ವಾರ್ ಕಣಿವೆಯ ಅರಮನೆಗಳನ್ನು ಒಂದೊಂದಾಗಿ ತೋರಿಸಿದಳು. ಫ್ರಾನ್ಸಿನ ರಾಜ ಮೊದಲನೇ ಫ್ರಾನ್ಸ್ವಾ 1519ರಲ್ಲಿ ಕಟ್ಟಿಸಲು ಶುರುಮಾಡಿದ ಷಾಂಬೋರ್. ಶೇರ್ ನದಿಯ ಮೇಲೆ ಕಮಾನುಗಳನ್ನೇರಿ ನಿಂತ ಶೆನೊನ್ಸೋ. ಇದನ್ನು ಕಟ್ಟಿಸುವಾಗ ಉಸ್ತುವಾರಿ ನೋಡಿಕೊಂಡವಳು ಯಜಮಾನನ ಹೆಂಡತಿ. ಆಮೇಲೆ ಅದು ರಾಜನ ಪ್ರೇಯಸಿ ಡಯಾನಾಳ ಕೈಗೆ ಬಂತು, 1559ರಲ್ಲಿ ರಾಜ ತೀರಿಕೊಂಡ ಮೇಲೆ ರಾಣಿ ಕ್ಯಾಥರೀನ್ ಅದನ್ನು ಅವಳಿಂದ ಬಿಡಿಸಿಕೊಂಡಳು. 'ಹೆಂಗಸರ ಅರಮನೆ' ಅಂತಲೇ ಅದಕ್ಕೆ ಹೆಸರಂತೆ. "ನಮ್ಮ ಕಡೆ ಇಂಥದ್ದು ಎಲ್ಲಿದೆ ಅಣ್ಣ?" ಅಂದಳು. ಚಿತ್ರದುರ್ಗ ಅಂತ ಏನೋ ಗೊಣಗಿದೆ. ಆದರೆ ಮಾತು ಒಳಗೇ ಕೂತುಬಿಟ್ಟಿತು. ಮುಂದಿನ ಕೆಲವು ತಿಂಗಳು ಭಾನುವಾರ ಬಂತೆಂದರೆ ನಾನು ಬೆಂಗಳೂರಿನ ಸುತ್ತಲಿನ ಕೋಟೆಗಳ ದಾರಿ ಹಿಡಿದೆ.

ಹೆಚ್ಚು ಸಲ ಹೋದದ್ದು ಸಾವನದುರ್ಗಕ್ಕೆ. ಬನಶಂಕರಿಯಿಂದ ಹೊರಟು, ಮೈಸೂರು ರಸ್ತೆ ಬಿಟ್ಟು ಮಂಚನಬೆಲೆ ಕಡೆ ತಿರುಗಿದರೆ ಸಾಕು, ಊರಿನ ಗದ್ದಲ ಹಿಂದೆ ಉಳಿಯುತ್ತದೆ. ಡಿಸೆಂಬರಿನಲ್ಲಿ ಹೋದರೆ ಇನ್ನೂ ಚೆನ್ನ. ಕೊಯ್ದ ರಾಗಿಯನ್ನು ರಸ್ತೆಯ ಮೇಲೇ ಹರಡಿರುತ್ತಾರೆ, ನಮ್ಮ ಗಾಡಿಯ ಚಕ್ರವೇ ಅವರ ಒಕ್ಕಣೆಯ ಗುಂಡು. ಹೊಲದಂಚಿನಲ್ಲಿ ಮಾಗಡಿಯ ಅವರೆ, ಅದರ ಸೊಗಡು ಕಾರಿನೊಳಗೂ ಬರುತ್ತದೆ. ಆಮೇಲೆ ಒಮ್ಮೆಲೇ ಎದುರಿಗೆ ಆ ಬಂಡೆ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡಾಗಿ ಎದ್ದು ನಿಂತ, ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರದ ಬರಿಗಲ್ಲು. ಬುಡದಲ್ಲಿ ವೀರಭದ್ರ, ನರಸಿಂಹ. ಹತ್ತುತ್ತಾ ಹೋದಂತೆ ಅಲ್ಲಲ್ಲಿ ಮುರಿದ ಗೋಡೆ, ಗೋಡೆಯ ಸಂದಿಯಲ್ಲಿ ಬೆಳೆದ ಗಿಡ. ಇದು ಮಾಗಡಿಯ ಕೆಂಪೇಗೌಡರ ವಂಶದವರ ಕೋಟೆ. 1728ರಲ್ಲಿ ಮೈಸೂರಿನವರ ಕೈಸೇರಿತು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಇದನ್ನು ಟಿಪ್ಪುವಿನ ಕಡೆಯವರಿಂದ ಗೆದ್ದುಕೊಂಡಿತು. ಅಭೇದ್ಯ ಎಂದು ಹೆಸರಾಗಿದ್ದ ಕೋಟೆಯಲ್ಲಿ ದಾಳಿಕೋರರಿಗೆ ಆದ ನಷ್ಟ ತೀರ ಕಡಿಮೆ.

ತುದಿಯಲ್ಲಿ ಕೂತು ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುವಾಗ ನನಗೆ ಹಾಯೆನಿಸುತ್ತಿತ್ತು. ಆ ಹಾಯಿಯ ಬಗ್ಗೆಯೇ ನಿಧಾನವಾಗಿ ಅನುಮಾನ ಶುರುವಾದದ್ದು. ಕೋಟೆ ಚೆಂದ ಕಾಣುವುದು ಅದು ಸೋತ ಮೇಲೆ, ಅದಕ್ಕೆ ಯಾರೂ ಹೆದರಬೇಕಾಗಿಲ್ಲದಾಗ. 1789ರ ಬೇಸಿಗೆಯಲ್ಲಿ ಫ್ರಾನ್ಸಿನ ಎಷ್ಟೋ ಕಡೆ ರೈತರು ಈ ಅರಮನೆಗಳಿಗೆ ನುಗ್ಗಿದಾಗ ಅವರು ಹುಡುಕಿ ಸುಟ್ಟದ್ದು ತಮ್ಮ ಕಂದಾಯ ಬಾಕಿ ಬರೆದಿಟ್ಟಿದ್ದ ಕಡತಗಳನ್ನು. ಬಾಕಿ ಇದ್ದವನಿಗೆ ಗೋಪುರದ ಚೆಲುವು ಕಂಡಿರಲಾರದು. ನನಗೆ ಯಾವ ಬಾಕಿಯೂ ಇಲ್ಲ, ಆದ್ದರಿಂದ ಚೆಂದ ಕಾಣುತ್ತದೆ. ಇಷ್ಟೇ ಆಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಕಲ್ಲು ಹೊತ್ತವರನ್ನು ನೆನೆದು ಒಂದು ನಿಟ್ಟುಸಿರು ಬಿಡುವುದು ಸುಲಭ, ನಾವು ಬರೆಯುವವರಿಗಂತೂ ಅದು ಚಟ.

ನನ್ನನ್ನು ಕಾಡಿದ ಕೋಟೆ ಮನೆಯ ಹತ್ತಿರದ್ದೇ. ಜಯನಗರದಲ್ಲಿ ಮೆಟ್ರೋ ಹತ್ತಿದರೆ ನಾಲ್ಕನೇ ನಿಲ್ದಾಣ ಕೆ.ಆರ್. ಮಾರುಕಟ್ಟೆ. ಹೂವಿನ ರಾಶಿ, ಬಸ್ಸಿನ ಹೊಗೆ ದಾಟಿದರೆ ಬೆಂಗಳೂರು ಕೋಟೆಯ ಉಳಿದ ತುಣುಕು ಸಿಗುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನದಾಗಿ ಮಾಡಿದ. ಇಂಗ್ಲಿಷರು 1791ರ ಮಾರ್ಚ್ 21ರಂದು ಒಳನುಗ್ಗಿದ ಜಾಗದಲ್ಲಿ ಗೋಡೆಗೊಂದು ಫಲಕ ಇದೆ. ಗೆದ್ದವರು ತಮ್ಮ ತಾರೀಖನ್ನು ಕಲ್ಲಿಗೆ ಬರೆದು ಹೋದರು. ತಾರೀಖಿಲ್ಲದ ಇನ್ನೊಂದು ಸಂಗತಿ ಕಥೆಯಾಗಿ ಉಳಿದಿದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಕೆಂಪೇಗೌಡರ ಕೋಟೆಯ ಬಾಗಿಲು ಹಗಲು ನಿಲ್ಲಿಸಿದರೆ ರಾತ್ರಿ ಬೀಳುತ್ತಿತ್ತು. ಗರ್ಭಿಣಿಯ ಬಲಿ ಬೇಕು ಎಂದರು ಬಲ್ಲವರು. ಕೆಂಪೇಗೌಡರು ಒಪ್ಪಲಿಲ್ಲ. ಆಗ ಸೊಸೆ ಲಕ್ಷ್ಮೀದೇವಿ, ಕೆಲವರ ಬಾಯಲ್ಲಿ ಲಕ್ಷ್ಮಮ್ಮ, ಯಾರಿಗೂ ಹೇಳದೆ ರಾತ್ರಿ ಹೋಗಿ ತನ್ನನ್ನೇ ಕೊಟ್ಟುಕೊಂಡಳು. ಬಾಗಿಲು ನಿಂತಿತು. ಬಿ.ಟಿ.ಎಂ. ಲೇಔಟಿನ ಪಕ್ಕದ ಕೋರಮಂಗಲದ ಉದ್ಯಾನದಲ್ಲಿ ಅವಳ ಸಮಾಧಿ ಇದೆ. ಬೆಳಿಗ್ಗೆ ವಾಕಿಂಗಿಗೆ ಬಂದವರು ಅದನ್ನು ಸುತ್ತಿಕೊಂಡು ಹೋಗುತ್ತಾರೆ.

ಇದು ಇತಿಹಾಸ ಅಲ್ಲ, ಕಥೆ ಎನ್ನಬಹುದು. ಸರಿಯೇ. ಇಂಥ ಕಥೆ ನಮ್ಮದೊಂದೇ ಅಲ್ಲ. ಬಾಲ್ಕನ್ ಸೀಮೆಯ ಸ್ಕದರ್ ಕೋಟೆಯ ಹಾಡಿನಲ್ಲೂ ಗೋಡೆ ನಿಲ್ಲಲು ಕಿರಿ ಸೊಸೆಯನ್ನು ಗೋಡೆಯೊಳಗೆ ಇಡುತ್ತಾರೆ. ಅವಳಿಗೆ ಮೊದಲು ಗೊತ್ತೇ ಇರುವುದಿಲ್ಲ. ಮೂವರು ಅಣ್ಣತಮ್ಮಂದಿರಲ್ಲಿ ಆಣೆ ಉಳಿಸಿಕೊಂಡು ಹೆಂಡತಿಗೆ ಹೇಳದೇ ಇದ್ದವನು ಕಿರಿಯನೊಬ್ಬನೇ. ನಮ್ಮ 'ಕೆರೆಗೆ ಹಾರ'ದ ಭಾಗೀರಥಿಯನ್ನು ಆರಿಸುವವರು ಮನೆಯವರು. ಇವಕ್ಕೆ ಹೋಲಿಸಿದರೆ ಬೆಂಗಳೂರಿನ ಕಥೆ ಒಂದು ವಿಷಯದಲ್ಲಿ ಬೇರೆ: ಇಲ್ಲಿ ಯಾರೂ ಕೇಳಲಿಲ್ಲ, ಯಾರೂ ಕಳಿಸಲಿಲ್ಲ, ಅವಳಾಗಿಯೇ ಹೋದಳು. 'ತಾನಾಗಿಯೇ' ಎಂಬ ಆ ಒಂದು ಮಾತಿನಿಂದ ಮಾವನ ಕೈ ಶುದ್ಧವಾಗುತ್ತದೆ, ನಮಗೆ ಸಮಾಧಿಗೆ ಹೂವಿಡುವುದೂ ಸುಲಭವಾಗುತ್ತದೆ.

ಹಾಗಾದರೆ ಅದು ಕೊಲೆ ಎಂದುಬಿಡೋಣವೇ? ನಾನು ಕೆಲವು ದಿನ ಹಾಗೆಯೇ ಅಂದುಕೊಂಡೆ. ಆಮೇಲೆ ಅದೂ ಸರಿಯೆನಿಸಲಿಲ್ಲ. ಅವಳು ಮಾಡಿದ್ದನ್ನು ಅವಳು ಮಾಡಲಿಲ್ಲ, ಮಾಡಿಸಿದರು ಎನ್ನುವಾಗ ಅವಳಿಗೆ ಉಳಿದಿದ್ದ ಒಂದೇ ಒಂದು ಸ್ವತ್ತನ್ನೂ ನಾನು ಕಸಿದ ಹಾಗಾಯಿತಲ್ಲ. ಕೊಟ್ಟದ್ದು ನಿಜವಾದ ಕೊಡುಗೆಯೋ ಅಲ್ಲವೋ ಎಂದು ತಿಳಿಯಲು ಕೊಟ್ಟವರ ಮುಖ ನೋಡಿದರೆ ಸಾಲದು ಎಂದುಕೊಂಡೆ. ಅವತ್ತು ಅವಳು ಬೇಡ ಎಂದಿದ್ದರೆ, ಮಾರನೆಯ ಬೆಳಿಗ್ಗೆ ಆ ಮನೆಯ ಊಟದ ಪಂಕ್ತಿಯಲ್ಲಿ ಅವಳ ಎಲೆ ಅದೇ ಜಾಗದಲ್ಲಿ ಇರುತ್ತಿತ್ತೇ? ನೋಡಬೇಕಾದದ್ದು ಇದನ್ನು. ಕೆಂಪೇಗೌಡರು ಒಪ್ಪಲಿಲ್ಲ ಎಂದು ಕಥೆ ಹೇಳುತ್ತದೆ ನಿಜ. ಆದರೆ ಬಲಿ ಬೇಕೆಂಬ ಮಾತು ಮನೆಯಲ್ಲಿ ಎಲ್ಲರ ಕಿವಿಗೆ ಬಿದ್ದ ಮೇಲೆ ಅದನ್ನು ಯಾರೂ ಕೇಳದಿದ್ದರೂ ಕೇಳಿದ ಹಾಗೆಯೇ.

ಇಷ್ಟು ಯೋಚಿಸಿದವನಿಗೆ ನಮ್ಮ ಮನೆ ನೆನಪಾಗಬೇಕಿತ್ತು. ಆದದ್ದು ತಡವಾಗಿ.

ಬನಶಂಕರಿ ಎರಡನೇ ಹಂತದ ನಮ್ಮ ಮೂವತ್ತು-ನಲವತ್ತರ ಸೈಟಿನ ಮನೆಗೆ 1984ರಲ್ಲಿ ಗೃಹಪ್ರವೇಶ ಆಯಿತು. ಅಪ್ಪ ಕಟ್ಟಿಸಿದ ಮನೆ ಎಂದೇ ನೆಂಟರಲ್ಲಿ ಮಾತು. ಆ ಮಾತಿಗೆ ಒಂದು ಬಾಲವೂ ಇತ್ತು: ತಾರಸಿ ಹಾಕುವ ಹೊತ್ತಿಗೆ ದುಡ್ಡು ಸಾಲದೆ ಬಂದಾಗ ಅಮ್ಮ ತಾನಾಗಿಯೇ ನಾಲ್ಕು ಬಳೆ, ಅವಲಕ್ಕಿ ಸರ ಬಿಚ್ಚಿಕೊಟ್ಟಳು. ಮಲ್ಲೇಶ್ವರದ ಶಾಲೆಯ ಕೆಲಸವನ್ನೂ, ಎರಡು ಬಸ್ಸು ಬದಲಾಯಿಸಬೇಕು ಅಂತ, ತಾನಾಗಿಯೇ ಬಿಟ್ಟಳು. ಅದನ್ನು ಹೇಳುವಾಗ ಅಪ್ಪನ ದನಿಯಲ್ಲಿ ಹೆಮ್ಮೆ ಇರುತ್ತಿತ್ತು. ಅವರು ಕೆಟ್ಟವರಲ್ಲ. ಕೇಳಲೂ ಇಲ್ಲ, ಅದು ನಿಜ.

ಒಂದು ಸಂಜೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಕೇಳಿದೆ: "ಅಮ್ಮ, ಅವತ್ತು ಒಡವೆ ಕೊಡಲ್ಲ ಅಂದಿದ್ರೆ?"

ಅವಳು ತಲೆ ಎತ್ತಲಿಲ್ಲ. "ಕೊಡಲ್ಲ ಅನ್ನೋದೊಂದಿದೆ ಅಂತ ನನಗೆ ಹೊಳೀಲೇ ಇಲ್ಲ ಕಣೋ."

"ಅಂದ್ರೆ ನಿನ್ನಿಂದ ತಗೊಂಡ ಹಾಗೇ ಆಯ್ತಲ್ಲ."

"ಏನಿಲ್ಲ. ಕೊಟ್ಟೋಳು ನಾನೇ. ಅದನ್ನೂ ನೀನು ಕಿತ್ಕೋಬೇಡ."

ಎರಡೂ ಮಾತು ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ. ನನ್ನ ಪರೀಕ್ಷೆಯ ಪ್ರಕಾರ ಮೊದಲನೆಯದು ಎರಡನೆಯದನ್ನು ಸುಳ್ಳು ಮಾಡಬೇಕು. ಅಮ್ಮನಿಗೆ ಹಾಗೆ ಅನಿಸಿಲ್ಲ. ಅದನ್ನು ಅವಳ ಅಜ್ಞಾನ ಎನ್ನಲು ನನಗೆ ಧೈರ್ಯವಿಲ್ಲ, ಸತ್ಯ ಎಂದು ಒಪ್ಪಿಕೊಂಡರೆ ನನಗೆ ತೀರಾ ಅನುಕೂಲವಾಗುತ್ತದೆ. ಏಕೆಂದರೆ ಈಗ ಅದೇ ಮನೆಯ ಮಾತು ನಡೆದಿದೆ. ಅಪ್ಪ ಇಲ್ಲ, ಮನೆ ಅಮ್ಮನ ಹೆಸರಿನಲ್ಲಿದೆ. ಕೆಡವಿ ನಾಲ್ಕು ಮಹಡಿ ಎಬ್ಬಿಸಲು ಬಿಲ್ಡರನೊಬ್ಬ ಬಂದಿದ್ದಾನೆ. ನನಗೂ ಅಣ್ಣನಿಗೂ ಒಂದೊಂದು ಫ್ಲ್ಯಾಟು. "ನಿನಗೆ ಇಷ್ಟ ಇದ್ರೆ ಮಾತ್ರಮ್ಮ" ಎಂದು ನಾವಿಬ್ಬರೂ ಅವಳಿಗೆ ಹೇಳಿದ್ದೇವೆ. ಬಲು ಮೆದುವಾಗಿಯೇ ಹೇಳಿದ್ದೇವೆ. ಬಿಲ್ಡರನಿಂದ ಸ್ವಲ್ಪ ಮುಂಗಡ ಆಗಲೇ ತೆಗೆದುಕೊಂಡಿದ್ದೇವೆ ಎಂಬುದನ್ನು ಹೇಳಿಲ್ಲ.

ಹೋದ ಭಾನುವಾರ ಅಮ್ಮನನ್ನೂ ಕರೆದುಕೊಂಡು ಸಾವನದುರ್ಗಕ್ಕೆ ಹೋದೆ. ಹತ್ತುವುದು ಅವಳಿಂದ ಆಗುವುದಿಲ್ಲ, ವೀರಭದ್ರನಿಗೆ ಕಾಯಿ ಒಡೆಸಿ ಮರದ ನೆರಳಿನಲ್ಲಿ ಕೂತಳು. ಮೇಲಿನ ಮುರಿದ ಗೋಡೆ ತೋರಿಸಿದೆ. ಬಹಳ ಹೊತ್ತು ನೋಡಿ, "ಅಷ್ಟು ಮೇಲೆ ನೀರಿಗೆ ಏನು ಮಾಡ್ತಿದ್ರೋ" ಅಂದಳು. ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿಸಿ ಐದು ಕೆಜಿ ಅವರೆಕಾಯಿ ಕೊಂಡಳು, ಮೂರು ಮನೆಗೂ ಆಗುತ್ತದೆಂದು.

ಮಂಚನಬೆಲೆ ದಾಟಿದ ಮೇಲೆ ಮುಂಗಡದ ವಿಷಯ ಹೇಳಿದೆ. ಕೆಂಗೇರಿಯವರೆಗೆ ಅವಳು ಮಾತಾಡಲಿಲ್ಲ. ಆಮೇಲೆ, "ಆ ದುಡ್ಡು ವಾಪಸ್ ಕೊಟ್ಟು ಬಾ. ಆಮೇಲೆ ಕೇಳು, ಹೇಳ್ತೀನಿ" ಅಂದಳು.

ನಾಳೆ ಅಣ್ಣನ ಮನೆಗೆ ಹೋಗಬೇಕು.