ಪರರ ದುಃಖವೂ ಕರ್ಮಸಿದ್ಧಾಂತವೂ

ಕ್ರಿ.ಶ. 2005ರ ಜುಲೈ 26, ಮಂಗಳವಾರ. ಚಾತುರ್ಮಾಸ್ಯದ ಕಾಲ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ನಗರದ ದಕ್ಷಿಣ ತುದಿಯಾದ ಕೊಲಾಬಾದಲ್ಲಿ ಬಿದ್ದುದು ಸುಮಾರು 73 ಮಿಲಿಮೀಟರ್ ಮಾತ್ರ. ಬಾಂದ್ರಾ ಪೂರ್ವದ ಕಲಾನಗರ, ಕುರ್ಲಾ, ಕಾಲೀನಾ ಜಲಾವೃತವಾದವು. ಲೋಕಲ್ ಗಾಡಿಗಳು ನಿಂತವು. ಕಚೇರಿ ಬಿಟ್ಟು ಹೊರಟವರು ಎದೆಮಟ್ಟದ ನೀರಿನಲ್ಲಿ ರಾತ್ರಿಯಿಡೀ ನಡೆದರು. ನಗರದಲ್ಲಿ ನಾನೂರಕ್ಕೂ ಹೆಚ್ಚು ಜನ ಅಸುನೀಗಿದರು.

ಅಂದು ಆಸ್ತಿಕರ ಮನೆಗಳಲ್ಲಿ ಒಂದು ಮಾತು ಕೇಳಿಬಂದಿತು: "ಅವರವರ ಪ್ರಾರಬ್ಧ, ಯಾರೇನು ಮಾಡಲಾದೀತು?" 2020ರ ಜೂನ್‌ನಲ್ಲಿ ನಿಸರ್ಗ ಚಂಡಮಾರುತವು ಅಲಿಬಾಗಿನ ಬಳಿ ದಡಕ್ಕೆ ಬಡಿದಾಗಲೂ, 2021ರ ಮೇ ತಿಂಗಳಲ್ಲಿ ತೌಕ್ತೆಯು ಮುಂಬಯಿಯ ಸಮುದ್ರದಲ್ಲಿ ಬಾರ್ಜನ್ನು ಮುಳುಗಿಸಿ ಹಲವು ಹತ್ತು ಕಾರ್ಮಿಕರನ್ನು ಬಲಿತೆಗೆದುಕೊಂಡಾಗಲೂ ಅದೇ ಮಾತು. ಅದು ನಮ್ಮ ಸಿದ್ಧಾಂತದಂತೆಯೇ ತೋರುತ್ತದೆ. ನಿಜವಾಗಿ ಸಿದ್ಧಾಂತವೇ ಎಂಬುದು ವಿಚಾರಣೀಯ.

ಬ್ರಹ್ಮಸೂತ್ರಗಳಲ್ಲಿ ವೈಷಮ್ಯ-ನೈರ್ಘೃಣ್ಯಗಳ ಪ್ರಸ್ತಾಪವಿದೆ. ಒಬ್ಬನಿಗೆ ಸುಖ, ಮತ್ತೊಬ್ಬನಿಗೆ ದುಃಖ. ಹಾಗಾದರೆ ಶ್ರೀಹರಿಯು ಪಕ್ಷಪಾತಿಯೇ, ನಿರ್ದಯನೇ ಎಂಬುದು ಪೂರ್ವಪಕ್ಷ. ಜೀವರ ಕರ್ಮವನ್ನು ಅಪೇಕ್ಷಿಸಿಯೇ ಫಲವನ್ನು ಕೊಡುವುದರಿಂದ ಆ ದೋಷ ಅವನಿಗಿಲ್ಲವೆಂಬುದು ಸಿದ್ಧಾಂತ. ಇದು ಭಗವಂತನ ನಿರ್ದೋಷತ್ವವನ್ನು ಸಾಧಿಸಲು ಹೊರಟ ಮಾತೇ ಹೊರತು ಮುಳುಗಿದವನ ಮೇಲೆ ಹೊರಿಸಿದ ಆಪಾದನೆಯಲ್ಲ. ಯಾವ ಜೀವನ ಯಾವ ಕರ್ಮ ಎಂದು ಪಕ್ವವಾಯಿತೆಂಬುದನ್ನು ಬಲ್ಲವನು ಸರ್ವಜ್ಞನೊಬ್ಬನೇ. ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿದೆಯೆಂದು ನಮ್ಮ ಪುಣ್ಯವನ್ನೂ, ಮೀಠಿ ನದಿಯ ದಡದ ಜೋಪಡಿಯನ್ನು ಕಂಡು ಅಲ್ಲಿಯವರ ಪಾಪವನ್ನೂ ಊಹಿಸುವುದು ಹೇತುವೇ ಇಲ್ಲದ ಅನುಮಾನ. ಕೊಲಾಬಾದವರೆಲ್ಲ ಪುಣ್ಯವಂತರೆಂದು ಯಾರಾದರೂ ಹೇಳಿಯಾರೆ? ತನಗೆ ಕಷ್ಟ ಬಂದಾಗ ಪ್ರಾರಬ್ಧವೆಂದು ಸಹಿಸುವುದು ಭಕ್ತನ ಲಕ್ಷಣ. ಪರರ ಕಷ್ಟಕ್ಕೆ ಅದೇ ಶಬ್ದವನ್ನು ಬಳಸಿದರೆ ಅದು ಕೈಕಟ್ಟಿ ಕೂರುವುದಕ್ಕೆ ನೆಪವಾಗುತ್ತದೆಯೆಂದು ನಾವು ಭಾವಿಸುತ್ತೇವೆ.

ಪ್ರಾರಬ್ಧವನ್ನು ಅನುಭವಿಸಿಯೇ ತೀರಿಸಬೇಕಲ್ಲವೆ, ನಡುವೆ ನಮ್ಮ ನೆರವಿನಿಂದೇನು ಎಂಬ ಶಂಕೆ ಉಳಿಯುತ್ತದೆ. ಜೀವನು ಪರತಂತ್ರನಾದರೂ ಕರ್ತೃವೇ. ಇಲ್ಲವಾದರೆ ಶಾಸ್ತ್ರದ ವಿಧಿನಿಷೇಧಗಳು ವ್ಯರ್ಥವಾಗುತ್ತವೆ. ಶ್ರೀಮದಾಚಾರ್ಯರು ಗೀತಾತಾತ್ಪರ್ಯದಲ್ಲಿ ನಾನಾ ಜನರ ಶುಶ್ರೂಷೆಯನ್ನು ಅರಸನಿಗೆ ಸಲ್ಲಿಸುವ ಕರಕ್ಕೆ ಹೋಲಿಸಿದ್ದಾರೆ. ಕರ ಕಟ್ಟುವುದು ನಮ್ಮ ಇಷ್ಟಾನಿಷ್ಟಕ್ಕೆ ಬಿಟ್ಟ ದಾನವಲ್ಲ.

ಆ ರಾತ್ರಿ ಈ ಕರವನ್ನು ಸಲ್ಲಿಸಿದವರು ಯಾರು? ತಮ್ಮ ಜೋಪಡಿಗಳಿಗೇ ನೀರು ನುಗ್ಗಿದ್ದ ಜನರು ಕೈಗೆ ಕೈ ಜೋಡಿಸಿ ನಿಂತು ಅಪರಿಚಿತರನ್ನು ದಾಟಿಸಿದರು. ಚಹಾ ಬಿಸ್ಕತ್ತು ಕೊಟ್ಟರು. ಎದುರಿಗಿದ್ದವನ ಪ್ರಾರಬ್ಧವನ್ನಾಗಲಿ ಗೋತ್ರವನ್ನಾಗಲಿ ಅವರು ವಿಚಾರಿಸಲಿಲ್ಲ. ಅಂಥದನ್ನು ಮಡಿವಂತರು ಸ್ವೀಕರಿಸಬಹುದೇ ಎಂದು ಕೆಲವರು ಕೇಳುವುದುಂಟು. ಛಾಂದೋಗ್ಯದ ಉಷಸ್ತಿಯು ಬೆಳೆ ನಾಶವಾದ ಕುರುದೇಶದಲ್ಲಿ ಆನೆಯವನ ಎಂಜಲು ಕಾಳನ್ನು ತಿಂದು, ನೀರನ್ನು ಮಾತ್ರ ಬೇಡವೆಂದನು. ಕಾಳಿಲ್ಲದೆ ಪ್ರಾಣವುಳಿಯುತ್ತಿರಲಿಲ್ಲ, ನೀರು ಬೇರೆಡೆ ಸಿಗುತ್ತಿತ್ತು. ಆಪದ್ಧರ್ಮದ ಅಳತೆ ಅಷ್ಟೇ.

ಇನ್ನು ಮೀಠಿಯ ವಿಷಯ. ಮಳೆ ಶ್ರೀಹರಿಯ ಸಂಕಲ್ಪ, ನಿಜ. ಆದರೆ ವಿಹಾರ-ಪವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಹೊತ್ತು ಮಾಹೀಮ್ ಖಾಡಿಗೆ ಸೇರುವ ಈ ನದಿಯ ಬದಿಯ ಜೌಗುನೆಲವನ್ನು ತುಂಬಿ ಬಾಂದ್ರಾ-ಕುರ್ಲಾ ಸಂಕೀರ್ಣವನ್ನು ಕಟ್ಟಿದವರು, ವಿಮಾನ ನಿಲ್ದಾಣದ ಬಳಿ ಅದರ ದಾರಿಯನ್ನು ತಿರುಗಿಸಿದವರು ಮನುಷ್ಯರು. ನಗರದ ಹಳೆಯ ಮಳೆಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನಷ್ಟೇ ತಾಳಬಲ್ಲವಾಗಿದ್ದವು. ಅದನ್ನು ಇಮ್ಮಡಿಗೊಳಿಸಬೇಕೆಂಬ ವರದಿ 1993ರಲ್ಲೇ ಸಿದ್ಧವಾಗಿತ್ತು; 2005ರವರೆಗೂ ಅದರ ಬಹುಭಾಗ ಕಾಗದದ ಮೇಲೆಯೇ ಉಳಿಯಿತು. ಇದನ್ನೆಲ್ಲ ದೈವಕೃತವೆಂದು ಕರೆದರೆ, ಸೂತ್ರಕಾರರು ನಿವಾರಿಸಿದ ನೈರ್ಘೃಣ್ಯವನ್ನೇ ಮತ್ತೆ ಭಗವಂತನಿಗೆ ಅಂಟಿಸಿದಂತಾಗುತ್ತದೆ.

ಪೂಜೆಯ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಸೇತುವೆಯ ಮೇಲಿಂದ ಖಾಡಿಗೆ ಎಸೆದು ಕೈಮುಗಿಯುವ ಭಕ್ತರು ಇಂದಿಗೂ ಇದ್ದಾರೆ. ಹೂವೂ ತುಳಸಿಯೂ ಕರಗುತ್ತವೆ, ಚೀಲ ಕರಗದು. ನಿರ್ಮಾಲ್ಯವನ್ನು ಕಾಲಿಗೆ ಸಿಕ್ಕದಂತೆ ಗಿಡದ ಬುಡದ ಮಣ್ಣಿಗೆ ಸೇರಿಸಬಹುದು. ಕಟ್ಟಡದ ಅಂಗಳದಲ್ಲಿ ಅಷ್ಟು ಜಾಗ ಬಹಳ ಮಂದಿಗೆ ಸಿಕ್ಕೀತು.