ಪರದೇಶವಾಸಿಯ ತವರು

ಮಹಾಭಾರತದ ವನಪರ್ವದಲ್ಲಿ ಯಕ್ಷನು ಕೇಳಿದ ಪ್ರಶ್ನೆಗಳಲ್ಲಿ ಸುಖಿಯಾದವನು ಯಾರೆಂಬುದೂ ಒಂದು. ಸಾಲವಿಲ್ಲದೆ, ಪರಸ್ಥಳವಾಸವಿಲ್ಲದೆ, ಐದಾರು ದಿನಕ್ಕೊಮ್ಮೆಯಾದರೂ ತನ್ನ ಮನೆಯಲ್ಲಿಯೇ ಸೊಪ್ಪು ಬೇಯಿಸಿ ಉಣ್ಣುವವನು ಸುಖಿಯೆಂದು ಧರ್ಮರಾಯನು ಉತ್ತರಕೊಟ್ಟನು. ಈ ಮಾತನ್ನಾಡಿದವನು ಅರಮನೆಯಲ್ಲಿ ಕುಳಿತಿರಲಿಲ್ಲ. ಹನ್ನೆರಡು ವರ್ಷಗಳ ವನವಾಸವನ್ನು ಮುಗಿಸುತ್ತ, ಹೆಸರನ್ನೂ ಮರೆಸಿಕೊಂಡು ಪರರ ಮನೆಯಲ್ಲಿರಬೇಕಾದ ಹದಿಮೂರನೆಯ ವರ್ಷವನ್ನು ಎದುರಿಗಿಟ್ಟುಕೊಂಡಿದ್ದವನ ಬಾಯಿಂದ ಬಂದುದು ಅದು. ಆದುದರಿಂದ ಅದರಲ್ಲಿ ಶಾಸ್ತ್ರಕ್ಕಿಂತ ಅನುಭವವೇ ಹೆಚ್ಚು.

ಕನ್ನಡ ನುಡಿಗೂ ಈ ಅನುಭವವುಂಟು. 'ಪರದೇಶಿ' ಎಂದರೆ ಶಬ್ದಾರ್ಥದಲ್ಲಿ ಬೇರೆ ದೇಶದವನು, ಅಷ್ಟೆ. ಕನ್ನಡಿಗರ ಬಾಯಲ್ಲಿ ಅದು ದಿಕ್ಕಿಲ್ಲದವನು, ಹೇಳುವವರು ಕೇಳುವವರಿಲ್ಲದವನು ಎಂದಾಯಿತು. ಕೈತುಂಬ ಸಂಪಾದಿಸುವ ಪರದೇಶವಾಸಿಯನ್ನು ಇಂದು ಯಾರೂ ಹಾಗೆ ಕರೆಯರು. ಆದರೂ ಹಬ್ಬದ ದಿನ ಹೊರಗೆ ಹಿಮ ಬೀಳುತ್ತಿರುವಾಗ ಕಿಟಕಿಯ ಬಳಿ ನಿಂತವನಿಗೆ ಆ ಹಳೆಯ ಅರ್ಥವು ತಾನಾಗಿಯೇ ಹೊಳೆಯದೆ ಇರದು.

ಈ ಹಂಬಲವನ್ನು ವೈದ್ಯರು ರೋಗವೆಂದೂ ಎಣಿಸಿದ್ದುಂಟು. ೧೬೮೮ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನ್ನೆಸ್ ಹೋಫರನೆಂಬ ವೈದ್ಯವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ, ಮರಳುವಿಕೆ ಮತ್ತು ನೋವು ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ 'ನಾಸ್ಟಾಲ್ಜಿಯಾ' ಎಂದು ಇದಕ್ಕೆ ಹೆಸರಿಟ್ಟನು. ಅವನು ವರ್ಣಿಸಿದ ರೋಗಿಗಳಲ್ಲೊಬ್ಬನು ಬರ್ನ್ ನಗರದಿಂದ ಬಾಸೆಲಿಗೆ ಓದಲು ಬಂದಿದ್ದ ತರುಣ. ಸಾವಿನ ಅಂಚಿನಲ್ಲಿದ್ದ ಅವನು ಊರಿಗೆ ಕರೆದೊಯ್ಯುವರೆಂದು ತಿಳಿದೊಡನೆಯೇ ಚೇತರಿಸಿಕೊಳ್ಳತೊಡಗಿದನಂತೆ. ಎರಡೂ ಊರುಗಳ ನಡುವಣ ದೂರ ಸುಮಾರು ೧೦೦ ಕಿಲೋಮೀಟರು ಮಾತ್ರ. ಪರದೇಶವನ್ನು ಅಳೆಯುವ ಕೋಲು ಮೈಲಿಗಲ್ಲಲ್ಲ.

ರೋಗವಾಗಿದ್ದರೆ ಔಷಧಿಯನ್ನು ಹುಡುಕಿದರೆ ಸಾಕಾಗಿತ್ತು. ಇದರಲ್ಲಿ ಧರ್ಮದ ಪ್ರಶ್ನೆಯೊಂದು ಅಡಗಿರುವುದರಿಂದಲೇ ವಿಚಾರ ಬೇಕಾಗುವುದು. ಅಮೆರಿಕದಲ್ಲಿ ಬಹುಕಾಲ ನೆಲೆಸಿದ ಕನ್ನಡಿಗನೊಬ್ಬನು ಅಲ್ಲಿಯ ಪೌರತ್ವವನ್ನು ಪಡೆಯಬಯಸುವನೆಂದು ಭಾವಿಸೋಣ. ತಾನು ಹಿಂದೆ ಪ್ರಜೆಯಾಗಿದ್ದ ರಾಜ್ಯದ ವಿಷಯದಲ್ಲಿ ಸಮಸ್ತ ನಿಷ್ಠೆಯನ್ನೂ ಪೂರ್ಣವಾಗಿ ತ್ಯಜಿಸಿದೆನೆಂದು ಅವನು ಪ್ರತಿಜ್ಞೆ ಮಾಡಬೇಕು. ಇತ್ತ ೧೯೫೫ರ ಭಾರತೀಯ ಪೌರತ್ವ ಶಾಸನದಂತೆ, ಸ್ವೇಚ್ಛೆಯಿಂದ ಅನ್ಯದೇಶದ ಪೌರನಾದವನು ಭಾರತದ ಪೌರನಾಗಿ ಉಳಿಯಲಾರನು. ೨೦೦೫ರಿಂದೀಚೆಗೆ ಅಂಥವರಿಗೆ ಸಾಗರೋತ್ತರ ಭಾರತೀಯರೆಂಬ ಗುರುತಿನ ಚೀಟಿ ದೊರೆಯುತ್ತಿದೆ. ಅದರಿಂದ ಬಂದು ಹೋಗಬಹುದು, ಇರಬಹುದು. ಮತ ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಹಗಲು ಕೈಯೆತ್ತಿ ತ್ಯಾಗದ ಪ್ರತಿಜ್ಞೆ ಮಾಡಿದವನು ಅದೇ ರಾತ್ರಿ ಊರ ಕೆರೆಯ ಏರಿಯನ್ನು ನೆನೆದು ಕಣ್ಣೊರಸಿಕೊಂಡರೆ, ಅವನ ಪ್ರತಿಜ್ಞೆ ಸುಳ್ಳಾಯಿತೆ? ಸುಳ್ಳಲ್ಲವಾದರೆ, ಕಣ್ಣೀರು ಸುಳ್ಳೆ?

ಕನ್ನಡದ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವು ಎಂದಿನಿಂದಲೋ ಇದೆ. ಗಂಡಸರು ಅದನ್ನು ಕೇಳಿಸಿಕೊಂಡಿಲ್ಲ, ಅಷ್ಟೆ. ಮದುವೆಯಾದ ಹೆಣ್ಣು ಸಪ್ತಪದಿಯನ್ನು ತುಳಿದೊಡನೆ ಅವಳ ಗೋತ್ರವು ಬೇರೆಯಾಯಿತು, ಮನೆತನ ಬೇರೆಯಾಯಿತು; ಕೆಲವು ಕುಲಗಳಲ್ಲಿ ತಾಯಿತಂದೆಗಳಿಟ್ಟ ಹೆಸರೂ ಬೇರೆಯಾಗುತ್ತಿತ್ತು. ಅಗ್ನಿಸಾಕ್ಷಿಯಾದ ಈ ವ್ರತಕ್ಕಿಂತ ದೊಡ್ಡ ಪೌರತ್ವವಿಲ್ಲ. ಆದರೂ ಅವಳು ಬೀಸುವ ಕಲ್ಲಿನ ಮುಂದೆ ಕುಳಿತು ತವರನ್ನು ಹಾಡಿದಳು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಗ್ರಹವನ್ನು ಬಲ್ಲವರಿಗೆ ತವರಿನ ಹಾಡುಗಳ ಹೆಚ್ಚಳವನ್ನು ಹೇಳಬೇಕಾಗಿಲ್ಲ. ಆ ಹಾಡನ್ನು ವ್ರತಭಂಗವೆಂದು ಯಾವ ಸ್ಮೃತಿಕಾರನೂ ಬರೆಯಲಿಲ್ಲ. ವ್ರತವು ನಡತೆಯನ್ನು ಕಟ್ಟುವುದು. ನೆನಪನ್ನು ಕಟ್ಟುವ ಅಧಿಕಾರ ಅದಕ್ಕಿಲ್ಲ. ಹಾಡುತ್ತಲೇ ಅವಳು ಹೊಸ ಮನೆಯ ಮಕ್ಕಳಿಗೆ ಹಿಟ್ಟು ಮಾಡಿದಳು.

ಈ ಹೋಲಿಕೆಯು ಒಂದು ಕಾಲು ಕುಂಟುವುದೆಂಬುದನ್ನು ಮರೆಮಾಚಬೇಕಾಗಿಲ್ಲ. ಹೆಣ್ಣನ್ನು ಬಹುಮಟ್ಟಿಗೆ ಯಾರೂ ಕೇಳದೆ ಕಳುಹಿಸಿದರು. ಪರದೇಶಕ್ಕೆ ಹೋದವನು ತಾನೇ ಹೋದನು. 'ಹೋಗೆಂದವರಾರು?' ಎಂದು ಊರಿನವರು ಮೂದಲಿಸುವುದುಂಟು. ಈ ಮೂದಲಿಕೆಯಲ್ಲಿ ನ್ಯಾಯಕ್ಕಿಂತ ಮಾತ್ಸರ್ಯವೇ ಅಧಿಕ. ಪ್ರವಾಸಿಗಳು ಭಾರತಕ್ಕೆ ಕಳುಹಿಸಿದ ಹಣವು ೨೦೨೨ರ ಒಂದೇ ವರ್ಷದಲ್ಲಿ ೧೦,೦೦೦ ಕೋಟಿ ಡಾಲರುಗಳನ್ನು ಮೀರಿತು. ತಂಗಿಯ ಮದುವೆಗೂ ಮನೆಯ ಮಾಳಿಗೆಗೂ ಆ ಹಣವನ್ನು ಕೈಚಾಚಿ ತೆಗೆದುಕೊಂಡವರು, ಅದರೊಡನೆ ಬಂದ ನಿಟ್ಟುಸಿರನ್ನು ಮಾತ್ರ ಬೇಡವೆನ್ನುವುದು ಹೇಗೆ? ಅನ್ನವನ್ನು ಆರಿಸಿಕೊಂಡವನು ಅದಕ್ಕೆ ತೆರಬೇಕಾದ ಬೆಲೆಯೆಲ್ಲವನ್ನೂ ಅರಿತೇ ಆರಿಸಿಕೊಂಡನೆನ್ನಲಾಗದು.

ಆದರೆ ಹಂಬಲಕ್ಕೂ ಒಂದು ದೋಷವುಂಟು. ಇಪ್ಪತ್ತು ವರ್ಷ ಒಂದೂರಿನಲ್ಲಿದ್ದರೂ ನೆರೆಮನೆಯವನ ಹೆಸರನ್ನರಿಯದೆ, ಅಲ್ಲಿಯ ಗಿಡಮರಗಳ ಹೆಸರನ್ನು ಕಲಿಯದೆ, ಕಂಡುದನ್ನೆಲ್ಲ ತನ್ನೂರಿಗೆ ಹೋಲಿಸಿ ಹಳಿಯುವವನು ತವರನ್ನು ಪ್ರೀತಿಸುವವನಲ್ಲ. ಅನ್ನವಿಟ್ಟ ಮನೆಯನ್ನು ಅವಮಾನಿಸುವವನು. ಅವನು ಹೊತ್ತು ತಿರುಗುವ ಊರೂ ನಿಜವಾದ ಊರಲ್ಲ. ಅವನು ಬಿಟ್ಟುಬಂದ ಕೆರೆಯು ಈಗ ಬಸ್ಸು ನಿಲ್ದಾಣವಾಗಿರಬಹುದು; ದೂರದರ್ಶಕ ಯಂತ್ರದಲ್ಲಿ ದಿನವೂ ತಾಯಿಯ ಮುಖವನ್ನು ಕಂಡರೂ, ಕೆರೆ ಹೋದುದನ್ನು ಯಾರೂ ಅವನಿಗೆ ಹೇಳಿರಲಾರರು. ಇದಕ್ಕೆ ಬೇರೆಯಾದ ದಾರಿಯೂ ಉಂಟು. ಮೈಸೂರಿನಲ್ಲಿ ೧೯೨೯ರಲ್ಲಿ ಹುಟ್ಟಿ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು ೧೯೬೯ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ಎಂಬ ಕನ್ನಡ ಕವಿತೆಗಳನ್ನು ಪ್ರಕಟಿಸಿದರು. ೧೯೭೩ರಲ್ಲಿ ಶಿವಶರಣರ ವಚನಗಳನ್ನು ಇಂಗ್ಲಿಷಿಗೆ ತಂದು ತಾವಿದ್ದ ನಾಡಿನವರ ಕೈಯಲ್ಲಿಟ್ಟರು. ಹಂಬಲವು ಅಲ್ಲಿ ಕೊಡುಗೆಯಾಯಿತು.

ಹಂಬಲವು ರಕ್ತದ ಗುಣವೆಂದು ಹೇಳುವವರು ಪಂಪನನ್ನು ನೆನೆಯಬೇಕು. ೯೦೨ರಲ್ಲಿ ಹುಟ್ಟಿದ ಈ ಕವಿಯ ಪೂರ್ವಿಕರು ತೆಲುಗು ನಾಡಿನ ವೆಂಗಿಮಂಡಲದವರು. ಅವನ ಆಶ್ರಯದಾತನಾದ ಅರಿಕೇಸರಿಯ ರಾಜಧಾನಿ ವೇಮುಲವಾಡವೂ ಇಂದಿನ ತೆಲಂಗಾಣದಲ್ಲಿದೆ. ಕುಲವನ್ನು ನೋಡಿದರೆ ಅವನು ನೆನೆಯಬೇಕಾದುದು ವೆಂಗಿಯನ್ನು. ಆದರೆ ೯೪೧ರ ಸುಮಾರಿಗೆ ವಿಕ್ರಮಾರ್ಜುನವಿಜಯವನ್ನು ಬರೆಯುವಾಗ, ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ನೆಪಮಾಡಿಕೊಂಡು ಅವನ ಮನಸ್ಸು ಓಡಿದುದು ಬನವಾಸಿಗೆ. ಅಜ್ಜನ ಊರಲ್ಲ, ಅರಸನ ಊರಲ್ಲ. ಮನಸ್ಸು ತಾನೇ ಆರಿಸಿಕೊಂಡ ಊರು. ಅವನ ತಮ್ಮನಾದ ಜಿನವಲ್ಲಭನು ಅದೇ ತೆಲಂಗಾಣದ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದಲ್ಲಿ ಬಂಡೆಯ ಮೇಲೆ ಶಾಸನವನ್ನು ಬರೆಸಿದನು. ಅದರಲ್ಲಿ ಸಂಸ್ಕೃತವಿದೆ, ಅಣ್ಣನ ಕನ್ನಡವಿದೆ, ಅವರಿದ್ದ ನೆಲದ ತೆಲುಗಿನಲ್ಲಿ ಕಂದಪದ್ಯಗಳೂ ಇವೆ. ಮೂರೂ ಭಾಷೆಗಳು ಒಂದೇ ಬಂಡೆಯ ಮೇಲೆ ಇಂದಿಗೂ ಉಳಿದಿವೆ.