ಹಿತ್ತಲಿನ ಹಲಸು

(ಓದತಕ್ಕ ಭಾಗ: ಧರ್ಮೋಪದೇಶಕಾಂಡ 24:19-22)



ಬೆಂಗಳೂರಿನ ಪಶ್ಚಿಮದಲ್ಲಿರುವ ಜ್ಞಾನಭಾರತಿಯು ಹಿಂದೆ ಹೊಲಗಳ ಸೀಮೆಯಾಗಿತ್ತು. 1973ರಲ್ಲಿ ವಿಶ್ವವಿದ್ಯಾನಿಲಯವು ಅಲ್ಲಿಗೆ ಬಂದ ಮೇಲೆ ಸುತ್ತಲೂ ಮನೆಗಳು ಒತ್ತಾಗಿ ಎದ್ದವು. ಆದರೂ ಕೆಲವು ಹಿತ್ತಲುಗಳಲ್ಲಿ, ನಿಮ್ಮ ಹಳ್ಳಿಗಳಲ್ಲಿರುವಂತೆಯೇ, ಹಲಸಿನ ಮರವು ಇನ್ನೂ ನಿಂತಿರುವದು.

ಬೀಜದಿಂದ ಬೆಳೆದ ಹಲಸು ಫಲಕೊಡುವದಕ್ಕೆ ಅನೇಕ ವರುಷಗಳು ಬೇಕು. ಅಷ್ಟರಲ್ಲಿ ಮನೆಯವರ ತಾಳ್ಮೆ ತೀರಿ, ಎಲೆ ಗುಡಿಸುವದೇ ಕೆಲಸವಾಯಿತು, ಕಡಿದರೆ ತೊಲೆಗಾದರೂ ಆದೀತು ಅನ್ನುವರು. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಅಂಜೂರದ ಮರಕ್ಕೋಸ್ಕರ ತೋಟಗಾರನು ಇನ್ನೊಂದು ವರುಷವನ್ನು ಬೇಡಿಕೊಂಡನಲ್ಲವೇ? ಹಾಗೆ ಉಳಿದ ಮರವು ಒಂದು ವರುಷ ಬುಡದಿಂದ ಕೊಂಬೆಯ ವರೆಗೆ ಕಾಯಿ ಕಚ್ಚಿದರೆ ಯಾರು ಬೆರಗಾಗರು?

ಆದರೆ ಬೆರಗಿನ ಹಿಂದೆಯೇ ಭಯವು ಬರುವದು. ನೆರೆಯವಳ ದೃಷ್ಟಿ ತಗಲೀತೆಂದು ಮರಕ್ಕೆ ಹಳೆಯ ಕೆರವನ್ನು ಕಟ್ಟುವ ವಾಡಿಕೆಯು ನಮ್ಮ ಸಭೆಯವರಲ್ಲಿಯೂ ಪೂರ್ತಿಯಾಗಿ ಅಳಿದಿಲ್ಲ. ಯಾರೆಂದು ಹೇಳುವದು ಬೇಡ. ಫಲವನ್ನು ಕೊಟ್ಟ ದೇವರು ಅದನ್ನು ಕಾಯಲಾರನೋ? ನೀವು ಯಾರ ಕಣ್ಣಿಗೆ ಹೆದರುತ್ತೀರೋ ಆಕೆಯನ್ನೇ ಕರೆದು ಮಡಿಲು ತುಂಬ ತೊಳೆಗಳನ್ನು ಕೊಡಿರಿ. ಎಣ್ಣೇಮರದ ಕಾಯಿಗಳನ್ನು ಉದುರಿಸಿದ ಮೇಲೆ ತಿರಿಗಿ ಉದುರಿಸಬಾರದು, ಉಳಿದದ್ದು ಪರದೇಶಿಗೂ ಅನಾಥನಿಗೂ ವಿಧವೆಗೂ ಸೇರಬೇಕೆಂದು ಮೋಶೆಯು ಆಜ್ಞಾಪಿಸಿದನು. ಹಲಸಾದರೋ ತಾನೇ ಈ ಆಜ್ಞೆಯನ್ನು ಬೋಧಿಸುವಂತಿದೆ: ಒಂದು ಹಣ್ಣನ್ನು ಒಂದೇ ಮನೆಯವರು ತಿಂದು ಮುಗಿಸುವದು ಕಷ್ಟ, ಕೊಯ್ದಿಟ್ಟರೆ ನಾಲ್ಕು ದಿನ ನಿಲ್ಲದು.

ಆದದರಿಂದ ಸುಗ್ಗಿಹಬ್ಬದ ಹರಾಜಿನ ವರೆಗೆ ಕಾಯಬೇಡಿರಿ. ಮೊದಲು ಹಣ್ಣಾದದ್ದನ್ನು ಪ್ರಾರ್ಥನೆಮಾಡಿ ಕೊಯ್ದು, ನಿಮ್ಮ ಕೇರಿಯಲ್ಲಿ ಹಿತ್ತಲಿಲ್ಲದವರ ಮನೆಗೆ ಅದೇ ಸಂಜೆ ಮಕ್ಕಳ ಕೈಯಲ್ಲಿ ಕಳುಹಿಸಿರಿ.